ಮಗು, ನಾಯಿ ಜೊತೆ ಸಣ್ಣ ಗುಡ್ಡ ಹತ್ತೋ ಪ್ಲಾನ್ ಇದ್ಯಾ? ಹೊರಡೋ ಮುಂಚೆ ಇದನ್ನು ಓದಿ

ತುಮಕೂರು: ಭಾನುವಾರ ಬಂದ್ರೆ ಸಾಕು, ನಮ್ಮ ಜಿಲ್ಲೆಯ ಬೆಟ್ಟಗಳ ಬುಡದಲ್ಲಿ ಬೆಂಗಳೂರು ಗಾಡಿಗಳ ಸಾಲು. ಇಲ್ಲೇ ಹುಟ್ಟಿ ಬೆಳೆದ ನಾವು ಮಾತ್ರ "ಅದೇನ್ ಬಿಡಪ್ಪ, ದಿನಾ ನೋಡೋ ಬೆಟ್ಟ" ಅಂತ ಅಂಗಡಿಯಲ್ಲಿ ಕೂತಿರ್ತೀವಿ. ಈಗೀಗ ನಮ್ಮ ತಾಲ್ಲೂಕಿನವರೂ ಬೆಳಗ್ಗೆ ಅಂಗಡಿ ಬಾಗಿಲು ತೆಗೆಯೋ ಮುಂಚೆ ಮಕ್ಕಳನ್ನ ಕರ್ಕೊಂಡು, ಮನೆ ನಾಯಿಯನ್ನೂ ಹಿಡ್ಕೊಂಡು ಗುಡ್ಡದ ಕಡೆ ಹೊರಡೋದು ಶುರುವಾಗಿದೆ. ಒಳ್ಳೆಯದೇ. ಆದರೆ ದೊಡ್ಡವರು ಇಬ್ಬರು ಬೆಟ್ಟ ಹತ್ತೋದೇ ಬೇರೆ, ನಾಲ್ಕು ವರ್ಷದ ಮಗು ಮತ್ತು ನಾಯಿ ಜೊತೆ ಹತ್ತೋದೇ ಬೇರೆ. ಎಲ್ಲಿಗೆ ಹೋಗಬಹುದು, ಎಲ್ಲಿಗೆ ಹೋಗಬಾರದು, ಏನು ತಗೊಂಡು ಹೋಗಬೇಕು, ಏನಾದ್ರೂ ಆದ್ರೆ ಏನು ಮಾಡಬೇಕು ಅನ್ನೋದೆಲ್ಲ ಒಂದೇ ಕಡೆ ಸಿಗಲಿ ಅಂತ ಈ ಬರಹ.

ಮೊದಲು ನನ್ನ ತಪ್ಪನ್ನೇ ಹೇಳ್ತೀನಿ

ನಮ್ಮೂರ ಹಿಂದೆ ಒಂದು ಸಣ್ಣ ಗುಡ್ಡ ಇದೆ. ಮೇಲೆ ಒಂದು ಗುಡಿ, ಪಕ್ಕದಲ್ಲಿ ನೀರು ನಿಲ್ಲೋ ದೊಣೆ. ಹತ್ತೋಕೆ ಅರ್ಧ ಗಂಟೆ ಸಾಕು. ನಮ್ಮ ಮನೇಲಿ ಎರಡು ನಾಯಿ, ಕರಿಯ ಮತ್ತು ರಾಣಿ. ಎರಡೂ ನಾಟಿ ನಾಯಿಗಳೇ. ಕಳೆದ ಚಳಿಗಾಲದಲ್ಲಿ ಅಕ್ಕ ಊರಿಗೆ ಬಂದಿದ್ದಾಗ ಅವಳ ನಾಲ್ಕು ವರ್ಷದ ಮಗಳು "ಮಾಮ, ನಾನೂ ಬರ್ತೀನಿ" ಅಂತ ಹಠ ಹಿಡಿದಳು. ಮೂರೂ ಜನಾನ ನಾನೊಬ್ಬನೇ ಕರ್ಕೊಂಡು ಹೋದೆ. ಅದು ಮೊದಲನೇ ತಪ್ಪು.

ದಾರೀಲಿ "ಕರಿಯನ್ನ ನಾನೇ ಹಿಡ್ಕೋತೀನಿ" ಅಂದಳು. ಕರಿಯ ಸಾಧು, ಏನೂ ಮಾಡಲ್ಲ ಅಂತ ಹಗ್ಗ ಕೊಟ್ಟೆ. ಕೈ ಜಾರಬಾರದು ಅಂತ ಹಗ್ಗವನ್ನ ಅವಳ ಮಣಿಕಟ್ಟಿಗೆ ಎರಡು ಸುತ್ತು ಬೇರೆ ಸುತ್ತಿದೆ. ಅದು ಎರಡನೇ ತಪ್ಪು, ದೊಡ್ಡ ತಪ್ಪು. ಲಂಟಾನ ಪೊದೆಯಿಂದ ಒಂದು ಮೊಲ ಎದ್ದು ಓಡಿತು. ಕರಿಯ ಅದರ ಹಿಂದೆ. ಮಗು ಬಂಡೆ ಮೇಲೆ ನಾಲ್ಕೈದು ಮಾರು ಎಳೆದುಕೊಂಡು ಹೋಯ್ತು. ಎರಡೂ ಮಂಡಿ ಕಿತ್ತು ಹೋಗಿ, ಮಣಿಕಟ್ಟು ಕೆಂಪಗೆ ಊದಿಕೊಂಡಿತ್ತು. ಇನ್ನು ಹತ್ತು ಹೆಜ್ಜೆ ಮುಂದೆ ಹೋಗಿದ್ರೆ ದೊಣೆ ಇತ್ತು. ಅದನ್ನ ನೆನೆಸಿಕೊಂಡ್ರೆ ಇವತ್ತಿಗೂ ಎದೆ ಝಲ್ ಅನ್ನುತ್ತೆ. ಅಕ್ಕ ಒಂದು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಮಾತಾಡದೇ ಇದ್ದದ್ದೇ ಸರಿ.

ಆಮೇಲೆ ಪಶು ಆಸ್ಪತ್ರೆಯ ಡಾಕ್ಟ್ರು, ಆಶಾ ಕಾರ್ಯಕರ್ತೆ, ಗುಡ್ಡದಲ್ಲಿ ಕುರಿ ಕಾಯೋ ತಾತ, ಎಲ್ಲರನ್ನೂ ಕೇಳಿ ಕೇಳಿ ಕಲಿತದ್ದನ್ನ ಮುಂದೆ ಬರೀತಿದ್ದೀನಿ. ಈಗ ನಾವು ಹದಿನೈದು ದಿನಕ್ಕೊಮ್ಮೆ ಹೋಗ್ತೀವಿ, ಮಗುವೂ ಬರ್ತಾಳೆ.

ಎಲ್ಲಿಗೆ ನಾಯಿ ಕರ್ಕೊಂಡು ಹೋಗಬಾರದು?

ಮಗುವನ್ನ ಕರ್ಕೊಂಡು ಹೋಗಬಹುದಾದ ಎಲ್ಲಾ ಜಾಗಕ್ಕೂ ನಾಯಿಯನ್ನ ಕರ್ಕೊಂಡು ಹೋಗೋ ಹಾಗಿಲ್ಲ. ಇದು ತುಂಬಾ ಜನಕ್ಕೆ ಗೊತ್ತಿಲ್ಲ.

ಮಧುಗಿರಿ ಕೋಟೆ: ಇದು ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಇಂಥ ಸ್ಮಾರಕಗಳ ಒಳಗೆ ಪ್ರಾಣಿಗಳನ್ನ ತರಬಾರದು ಅಂತ 1959ರ ನಿಯಮಗಳಲ್ಲೇ ಇದೆ. ನಾಯಿ ಬೇಡ. ಮಗು ಜೊತೆ ಹೋಗೋರು ಕೆಳಗಿನ ಬಾಗಿಲುಗಳು, ಮೆಟ್ಟಿಲುಗಳ ತನಕ ಹೋಗಿ ವಾಪಸ್ ಬನ್ನಿ. ಅದರ ಮೇಲೆ ಇಳಿಜಾರು ಬಂಡೆ, ಕಂಬಿ ಹಿಡಿದು ಹತ್ತಬೇಕು. ಚಿಕ್ಕ ಮಕ್ಕಳಿಗೆ ಆಗಲ್ಲ.

ಮೈದನಹಳ್ಳಿ: ಮಧುಗಿರಿ ತಾಲ್ಲೂಕಿನ ಈ ಹುಲ್ಲುಗಾವಲು ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ. ಕೃಷ್ಣಮೃಗಕ್ಕೆ ಚಿರತೆಗಿಂತ ನಾಯಿಯ ಕಾಟವೇ ಹೆಚ್ಚು. "ನಮ್ಮ ನಾಯಿ ಕಚ್ಚಲ್ಲ" ಅಂದ್ರೂ ಅದು ಅಟ್ಟಿಸಿಕೊಂಡು ಹೋದ್ರೆ ಸಾಕು, ಮರಿ ತಾಯಿಯಿಂದ ಬೇರೆ ಆಗುತ್ತೆ.

ಬುಕ್ಕಾಪಟ್ಟಣ ಮತ್ತು ತಿಮ್ಲಾಪುರ: ಸಿರಾ ಕಡೆಯ ಬುಕ್ಕಾಪಟ್ಟಣ ಚಿಂಕಾರ ವನ್ಯಜೀವಿ ಧಾಮ, ಮಧುಗಿರಿ ತಾಲ್ಲೂಕಿನ ತಿಮ್ಲಾಪುರ ಕರಡಿ ಇರೋ ವನ್ಯಜೀವಿ ಧಾಮ. ಇಲ್ಲಿಗೆ ಅನುಮತಿ ಇಲ್ಲದೆ ನಾವೇ ಕಾಲಿಡೋ ಹಾಗಿಲ್ಲ, ಇನ್ನು ನಾಯಿಯ ಮಾತೆಲ್ಲಿ. ನಾಯಿಗಳಿಂದ ಡಿಸ್ಟೆಂಪರ್‌ನಂಥ ರೋಗ ಕಾಡುಪ್ರಾಣಿಗೆ ಹರಡುತ್ತೆ ಅನ್ನೋದೂ ಒಂದು ಕಾರಣ.

ದೇವರಾಯನದುರ್ಗ: ಮೇಲೆ ತನಕ ಟಾರ್ ರೋಡ್ ಇದೆ, ಬುಡದಲ್ಲಿ ಭೋಗ ನರಸಿಂಹ, ಮೇಲೆ ಯೋಗ ನರಸಿಂಹ. ಮಗು ಜೊತೆ ಹೋಗೋಕೆ ಒಳ್ಳೇ ಜಾಗ. ಆದರೆ ಸುತ್ತ ಇರೋದು ಮೀಸಲು ಅರಣ್ಯ, ಚಿರತೆ ಕರಡಿ ಎರಡೂ ಇವೆ. ಕೋತಿಗಳಂತೂ ಕೈಯಲ್ಲಿರೋ ಕವರ್ ಕಿತ್ಕೊಂಡು ಹೋಗ್ತವೆ. ನಾಯಿ ಕೋತಿ ಎದುರುಬದುರು ಆದ್ರೆ ನಡುವೆ ಸಿಕ್ಕಿಕೊಳ್ಳೋದು ಮಗು. ಹಾಗಾಗಿ ಇಲ್ಲಿಗೂ ನಾಯಿ ಬೇಡ.

ಮಂದಾರಗಿರಿ, ಅಂದ್ರೆ ಬಸದಿ ಬೆಟ್ಟ: 400ಕ್ಕೂ ಹೆಚ್ಚು ಮೆಟ್ಟಿಲು. ನಾಲ್ಕೈದು ವರ್ಷದ ಮಕ್ಕಳು ಕೂತು ಎದ್ದು ಹತ್ತುತ್ತಾರೆ. ಮೇಲೆ ನಿಂತ್ರೆ ಮೈದಾಳ ಕೆರೆ ಕಾಣುತ್ತೆ. ಆದರೆ ಇದು ಜೈನರ ಪವಿತ್ರ ಕ್ಷೇತ್ರ. ಮೆಟ್ಟಿಲ ಮೇಲೆ ನಾಯಿ ಕರ್ಕೊಂಡು ಹೋಗೋದು ಸರಿ ಅಲ್ಲ.

ಹಾಗಾದ್ರೆ ಎಲ್ಲಿಗೆ ಹೋಗೋದು?

ನಿಮ್ಮೂರ ಪಕ್ಕದ ಗೋಮಾಳದ ಗುಡ್ಡ, ಕೆರೆ ಏರಿ, ತೋಟದ ಬದಿಯ ಗಾಡಿ ಜಾಡು. ಮಗು ಮತ್ತು ನಾಯಿ ಇಬ್ಬರಿಗೂ ಇದಕ್ಕಿಂತ ಒಳ್ಳೇ ಜಾಗ ಇಲ್ಲ. ಹೆಸರುವಾಸಿ ಬೆಟ್ಟ ಬೇಕು ಅಂತೇನಿಲ್ಲ. ಜಾಗ ನೋಡುವಾಗ ಈ ಐದು ವಿಷಯ ಗಮನಿಸಿ:

• ಹೋಗಿ ಬರೋದು ಸೇರಿ ಎರಡು ಕಿಲೋಮೀಟರ್ ಒಳಗೆ ಇರಲಿ. ದೊಡ್ಡವರಿಗೆ ಅರ್ಧ ಗಂಟೆಯ ದಾರಿ ಅಂದ್ರೆ ಮಗುವಿಗೆ ಒಂದೂವರೆ ಗಂಟೆ ಅಂತ ಲೆಕ್ಕ ಹಾಕಿ.
• ಗಾಡಿ ನಿಲ್ಲಿಸೋ ಜಾಗದಿಂದ ದಾರಿ ಕಾಣುವಂತಿರಲಿ, ಮೊಬೈಲ್ ಸಿಗ್ನಲ್ ಇರಲಿ.
• ಕಡಿದಾದ ಅಂಚು, ತೆರೆದ ಬಾವಿ, ಕಲ್ಲು ಕ್ವಾರಿ ಹೊಂಡ ಇರೋ ಕಡೆ ಬೇಡವೇ ಬೇಡ.
• ಬಂಡೆಯಲ್ಲಿ ಹೆಜ್ಜೇನು ಕಟ್ಟಿದೆಯಾ ಅಂತ ದೂರದಿಂದಲೇ ನೋಡಿ. ಇದ್ರೆ ಆ ಗುಡ್ಡದ ಆಸೆ ಬಿಡಿ.
• ಮೊದಲು ನೀವೊಬ್ಬರೇ ಒಂದು ಸಲ ಹೋಗಿ ಬನ್ನಿ. ಕುರಿ ಕಾಯೋರು ಸಿಕ್ಕಿದ್ರೆ "ಇಲ್ಲಿ ಚಿರತೆ ಓಡಾಟ ಇದ್ಯಾ ಅಣ್ಣಾ?" ಅಂತ ಕೇಳಿ. ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲ್ಲ.

ಯಾವಾಗ ಹೋಗಬೇಕು?

ದೀಪಾವಳಿ ಕಳೆದ ಮೇಲೆ ಶಿವರಾತ್ರಿ ತನಕ ಒಳ್ಳೇ ಕಾಲ. ಬೆಳಗ್ಗೆ ಚೆನ್ನಾಗಿ ಬೆಳಕು ಹರಿದ ಮೇಲೆ, ಅಂದ್ರೆ ಏಳಕ್ಕೆ ಹತ್ತೋಕೆ ಶುರು ಮಾಡಿ, ಒಂಬತ್ತರ ಒಳಗೆ ಕೆಳಗೆ ಇರಿ. ಅಂಗಡಿ ಇಟ್ಟಿರೋರಿಗೂ ಇದು ಸರಿಹೋಗುತ್ತೆ, ಹತ್ತಕ್ಕೆ ಬಾಗಿಲು ತೆಗೆಯಬಹುದು.

ಮಾರ್ಚ್‌ನಿಂದ ಮೇ ತನಕ ಬಂಡೆ ಬಿಸಿ. ನಮಗೆ ಚಪ್ಪಲಿ ಇದೆ, ನಾಯಿಗೆ ಇಲ್ಲ. ಅಂಗೈ ತಿರುಗಿಸಿ ಕೈಯ ಹಿಂಭಾಗವನ್ನ ಬಂಡೆ ಮೇಲೆ ಇಟ್ಟು ಏಳು ಎಣಿಸಿ. ಅಷ್ಟು ಹೊತ್ತು ಇಡೋಕೆ ಆಗಲಿಲ್ಲ ಅಂದ್ರೆ ನಾಯಿಯ ಪಾದವೂ ಸುಡುತ್ತೆ. ಮಳೆಗಾಲದಲ್ಲಿ ಬಂಡೆ ಮೇಲೆ ಪಾಚಿ, ಜಾರುತ್ತೆ. ಮೋಡ ಕವಿದು ಗುಡುಗು ಕೇಳಿದ್ರೆ ಗುಡ್ಡದ ತುದಿಯಲ್ಲಿ, ಒಂಟಿ ಮರದ ಕೆಳಗೆ ನಿಲ್ಲಬೇಡಿ, ಇಳಿದುಬಿಡಿ.

ಸಂಜೆ ಹೊತ್ತು ಯಾಕೆ ಬೇಡ ಅಂತ ಬಿಡಿಸಿ ಹೇಳ್ತೀನಿ. 2019ರ ಕೊನೆ, 2020ರ ಶುರುವಿನಲ್ಲಿ ನಮ್ಮ ಜಿಲ್ಲೆಯಲ್ಲೇ ಹೆಬ್ಬೂರು ಸುತ್ತಮುತ್ತ ಚಿರತೆ ದಾಳಿಗೆ ಜನ ಸತ್ತಿದ್ದಾರೆ. ಅವರಲ್ಲಿ ಪುಟ್ಟ ಮಕ್ಕಳೂ ಇದ್ದರು. ಚಿರತೆ ಓಡಾಡೋದು ಹೆಚ್ಚಾಗಿ ಮುಸ್ಸಂಜೆ, ರಾತ್ರಿ, ನಸುಕು. ನಾಯಿ ಅಂದ್ರೆ ಅದಕ್ಕೆ ಸುಲಭದ ಊಟ. ನಾಯಿ ಇದೆ, ನಮ್ಮನ್ನ ಕಾಯುತ್ತೆ ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ. ಚಿರತೆಯ ವಿಷಯದಲ್ಲಿ ಅದು ಉಲ್ಟಾ, ನಾಯಿಯ ವಾಸನೆಗೇ ಅದು ಹತ್ತಿರ ಬರಬಹುದು. ಸಂಜೆ ಹೋಗಲೇಬೇಕು ಅಂದ್ರೆ ಊರ ಒಳಗಿನ ಕೆರೆ ಏರಿ ಮೇಲೆ ಹೋಗಿ, ಬೆಳಕಿರುವಾಗಲೇ, ಐದೂವರೆ ಒಳಗೆ ಮನೆ ಸೇರಿ.

ಯಾರು ಯಾರನ್ನ ಹಿಡಿಯಬೇಕು?

ನಮ್ಮನೇಲಿ ಈಗ ಇರೋ ಕಾಯಿದೆ ಇದು. ಮಗುವಿಗೆ ಒಬ್ಬರು, ನಾಯಿಗೆ ಒಬ್ಬರು. ಎರಡು ನಾಯಿ ಇದ್ರೆ, ಇಬ್ಬರು. ಜನ ಸಾಲದಿದ್ರೆ ಒಂದು ನಾಯಿ ಮನೇಲೇ ಇರಲಿ. ಬೈದುಕೊಂಡು ಬೊಗಳುತ್ತೆ, ಬೊಗಳಲಿ.

• ಮಗುವಿನ ಕೈಗೆ ನಾಯಿ ಹಗ್ಗ ಕೊಡಬೇಡಿ. ಕೊಡಲೇಬೇಕು ಅಂದ್ರೆ ಒಂದೇ ನಾಯಿಗೆ ಎರಡು ಹಗ್ಗ ಕಟ್ಟಿ, ಒಂದು ನಿಮ್ಮ ಕೈಯಲ್ಲಿ ಬಿಗಿಯಾಗಿ, ಇನ್ನೊಂದು ಮಗುವಿನ ಕೈಯಲ್ಲಿ ಸಡಿಲವಾಗಿ. ಮಣಿಕಟ್ಟಿಗೆ ಯಾವತ್ತೂ ಸುತ್ತಬೇಡಿ, ನಿಮ್ಮ ಮಣಿಕಟ್ಟಿಗೂ.
• ಕತ್ತಿನ ಬೆಲ್ಟಿಗಿಂತ ಎದೆಗೆ ಹಾಕೋ ಬೆಲ್ಟು ಒಳ್ಳೇದು. ಎಳೆದಾಗ ಉಸಿರು ಕಟ್ಟಲ್ಲ, ತಲೆ ನುಸುಳಿಸಿಕೊಂಡು ತಪ್ಪಿಸಿಕೊಳ್ಳೋದೂ ಕಷ್ಟ.
• ಗುಡ್ಡದಲ್ಲಿ ನಾಯಿ ಬಿಡಬೇಡಿ. ಕುರಿ ಮಂದೆ, ಮೇಕೆ, ನವಿಲು, ಮೊಲ ಎಲ್ಲಾ ಇರುತ್ತೆ. ಕುರಿ ಮಂದೆಗೆ ನಾಯಿ ನುಗ್ಗಿ ಒಂದು ಮರಿ ಹೋದ್ರೆ ಅದು ಆ ಮನೆಯವರ ತಿಂಗಳ ಸಂಪಾದನೆ. ಮಂದೆ ಬಂದ್ರೆ ಬದಿಗೆ ನಿಂತು ಅವು ಹೋಗೋ ತನಕ ಕಾಯಿರಿ.
• ಹತ್ತುವಾಗ ಮಗು ಮುಂದೆ, ನೀವು ಹಿಂದೆ. ಇಳಿಯುವಾಗ ನೀವು ಮುಂದೆ, ಮಗು ಹಿಂದೆ. ನಾಯಿ ಹಿಡಿದವರು ಸ್ವಲ್ಪ ದೂರದಲ್ಲಿ ಬರಲಿ, ಕಾಲಿಗೆ ಹಗ್ಗ ಸಿಕ್ಕಬಾರದು.
• ಮಗು ಸುಸ್ತಾದ್ರೆ ಹೆಗಲ ಮೇಲೆ ಕೂರಿಸಿಕೊಂಡು ಇಳಿಯಬೇಡಿ, ಬ್ಯಾಲೆನ್ಸ್ ತಪ್ಪುತ್ತೆ. ಉಪ್ಪಿನ ಮೂಟೆ ಹೊತ್ಕೊಳ್ಳಿ. ತುಂಬಾ ಇಳಿಜಾರು ಇದ್ದ ಕಡೆ ಮಗುವನ್ನ ಕೂರಿಸಿ ಜಾರಿಸೋದೇ ಸುಲಭ. ಚಡ್ಡಿ ಹರಿದ್ರೂ ಪರವಾಗಿಲ್ಲ.

ಇನ್ನೊಂದು ಮಾತು. ಮಗು "ಸಾಕು" ಅಂದ್ರೆ ಸಾಕು. ಮೇಲೆ ಗುಡಿ ತನಕ ಹೋಗಲೇಬೇಕು ಅಂತ ಎಳೀಬೇಡಿ. ಮಗು ಅಳ್ತಾ ಇಳಿದ್ರೆ ಮುಂದಿನ ಸಲ ಬರಲ್ಲ. ಇರುವೆ ಸಾಲು, ಬಣ್ಣದ ಕಲ್ಲು, ಓತಿಕ್ಯಾತ, ಇವನ್ನ ನೋಡೋಕೆ ಕೂತ್ರೆ ಕೂರಲಿ. ಅದಕ್ಕೇ ಅಲ್ವಾ ಬಂದಿರೋದು.

ಚೀಲದಲ್ಲಿ ಏನಿರಬೇಕು?

• ನೀರು. ಮಗುವಿಗೆ ಒಂದು ಲೀಟರ್, ನಾಯಿಗೆ ಬೇರೆ ಒಂದು ಲೀಟರ್, ನಿಮಗೆ ಬೇರೆ. ನಾಯಿಗೆ ಕುಡಿಸೋಕೆ ಹಗುರವಾದ ಸ್ಟೀಲ್ ಬಟ್ಟಲು. ದೊಣೆ ನೀರು, ನಿಂತ ನೀರು ಕುಡಿಸಬೇಡಿ. ಇಲಿ ಮೂತ್ರದಿಂದ ಬರೋ ಇಲಿ ಜ್ವರ ನಾಯಿಗೂ ಬರುತ್ತೆ, ನಮಗೂ ಬರುತ್ತೆ.
• ಊಟ. ಮಗುವಿಗೆ ಬಾಳೆಹಣ್ಣು, ಚಪಾತಿ ರೋಲ್, ಕಡಲೆಬೀಜದ ಮಿಠಾಯಿ. ತೀರಾ ಪುಟ್ಟ ಮಕ್ಕಳಿಗೆ ಬಿಡಿ ಕಡಲೆಬೀಜ ಬೇಡ, ಗಂಟಲಿಗೆ ಸಿಕ್ಕುತ್ತೆ. ನಡೀತಾ ಏನೂ ತಿನ್ನಿಸಬೇಡಿ, ಕೂರಿಸಿ ತಿನ್ನಿಸಿ.
• ನಾಯಿಗೆ ಒಂದು ಬೇಯಿಸಿದ ಮೊಟ್ಟೆ ಅಥವಾ ಸ್ವಲ್ಪ ಮೊಸರನ್ನ ಸಾಕು. ಈರುಳ್ಳಿ ಹಾಕಿದ ಚಿತ್ರಾನ್ನ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ಮಗು ಪ್ರೀತಿಯಿಂದ ತನ್ನ ಚಾಕೊಲೇಟ್ ಕೊಟ್ಟುಬಿಡುತ್ತೆ, ನಿಗಾ ಇರಲಿ.
• ಟೋಪಿ, ತೆಳು ಹತ್ತಿ ಬಟ್ಟೆ, ಹಿಂದೆ ಪಟ್ಟಿ ಇರೋ ಸ್ಯಾಂಡಲ್ ಅಥವಾ ಶೂ. ಹವಾಯಿ ಚಪ್ಪಲಿ ಬೇಡ.
• ಒಂದು ಟವಲ್, ಸೋಪಿನ ಚೂರು, ಹತ್ತಿ, ಬ್ಯಾಂಡೇಜ್, ಚಿಕ್ಕ ಚಿಮಟ. ಮಗುವಿನ ಕತ್ತಿಗೆ ಒಂದು ಸೀಟಿ ಕಟ್ಟಿ. ಕಾಣದೆ ಹೋದ್ರೆ ನಿಂತಲ್ಲೇ ನಿಂತು ಊದಬೇಕು ಅಂತ ಮನೇಲೇ ಆಟ ಆಡಿಸಿ ಕಲಿಸಿ.
• ಒಂದು ಖಾಲಿ ಕವರ್. ಚಿಪ್ಸ್ ಪ್ಯಾಕೆಟ್, ಬಾಟಲಿ ಎಲ್ಲಾ ವಾಪಸ್ ತರೋಕೆ. ಪ್ಯಾಕೆಟ್ ಮಾರೋರೂ ನಾವೇ, ಬಿಸಾಕೋರೂ ನಾವೇ ಆದ್ರೆ ಹೇಗೆ? ದಾರೀಲಿ, ಗುಡಿ ಹತ್ತಿರ ನಾಯಿ ಗಲೀಜು ಮಾಡಿದ್ರೆ ಮಣ್ಣು ಮುಚ್ಚಿ ಬನ್ನಿ.

ನಮ್ಮ ಗುಡ್ಡಗಳಲ್ಲಿ ಗಮನ ಇಡಬೇಕಾದ್ದು

ಮುಳ್ಳು: ನೆಗ್ಗಿಲ ಮುಳ್ಳು, ಜಾಲಿ ಮುಳ್ಳು ನಾಯಿಯ ಬೆರಳ ಸಂದಿಗೆ ಚುಚ್ಚಿಕೊಳ್ಳುತ್ತೆ. ನಾಯಿ ಕುಂಟಿದ ತಕ್ಷಣ ನಿಂತು ನೋಡಿ. ಉತ್ತರಾಣಿ ಬೀಜ ಮೈಗೆಲ್ಲಾ ಅಂಟುತ್ತೆ, ಕಿವಿ ಒಳಗೂ ಹೋಗುತ್ತೆ.

ಹಣ್ಣು: ಕಾರೆ, ಎಲಚಿ, ಸೀತಾಫಲ ನೋಡಿದ್ರೆ ಮಕ್ಕಳಿಗೆ ಖುಷಿ. ನಿಮಗೆ ಚೆನ್ನಾಗಿ ಗೊತ್ತಿರೋದನ್ನ ಮಾತ್ರ ತಿನ್ನಿಸಿ. ಲಂಟಾನದ ಹಸಿರು ಕಾಯಿ ವಿಷ. ಸೀತಾಫಲದ ಬೀಜವನ್ನ ಮಗುವೂ ಜಗಿಯಬಾರದು, ನಾಯಿಯೂ ಜಗಿಯಬಾರದು.

ಹೆಜ್ಜೇನು: ಹತ್ತಿರದಲ್ಲಿ ಹೊಗೆ, ಕಲ್ಲು, ಜೋರು ಸದ್ದು, ಗಾಢವಾದ ಸೆಂಟು ಬೇಡ. ಎದ್ದುಬಿಟ್ರೆ ಮಗುವಿನ ತಲೆಗೆ ಟವಲ್ ಮುಚ್ಚಿ ಅಲ್ಲಿಂದ ಓಡಿ, ನಿಂತು ಕೈ ಬೀಸಬೇಡಿ. ನೀರಿಗೆ ಹಾರಬೇಡಿ. ತುಂಬಾ ಕಡೆ ಕಚ್ಚಿದ್ರೆ, ಮುಖ ಊದಿದ್ರೆ, ಉಸಿರಾಟ ಕಷ್ಟ ಆದ್ರೆ ತಡ ಮಾಡದೆ ಆಸ್ಪತ್ರೆಗೆ.

ಕೋತಿ: ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ, ಹಲ್ಲು ಬಿಡಬೇಡಿ, ತಿಂಡಿ ಹೊರಗೆ ತೆಗೀಬೇಡಿ. ಕೋತಿ ಕಚ್ಚಿದ್ರೂ, ಪರಚಿದ್ರೂ ರೇಬಿಸ್ ಇಂಜೆಕ್ಷನ್ ವಿಷಯದಲ್ಲಿ ಡಾಕ್ಟರ ಹತ್ತಿರ ಹೋಗಲೇಬೇಕು.

ಉಣ್ಣೆ: ಮನೆಗೆ ಬಂದ ಮೇಲೆ ನಾಯಿಯ ಕಿವಿ, ಕಂಕುಳು, ಬೆರಳ ಸಂದಿ, ಹಾಗೇ ಮಗುವಿನ ಕಿವಿ ಹಿಂದೆ, ತೊಡೆ ಸಂದಿ ನೋಡಿ. ಇದ್ರೆ ಚಿಮಟದಲ್ಲಿ ಚರ್ಮಕ್ಕೆ ಹತ್ತಿರ ಹಿಡಿದು ನೆಟ್ಟಗೆ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ. ಮಲೆನಾಡಿನ ಕಡೆ ನೆಂಟರ ಮನೆಗೆ ಹೋದಾಗ ಇನ್ನೂ ಜಾಸ್ತಿ ಹುಷಾರು. ಮಂಗನ ಕಾಯಿಲೆ ಹರಡೋದೇ ಉಣ್ಣೆಯಿಂದ, ಅದನ್ನ 1957ರಲ್ಲಿ ಮೊದಲು ಗುರುತಿಸಿದ್ದು ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ.

ಬಿಸಿಲು: ನಾಯಿ ನಮ್ಮ ಹಾಗೆ ಮೈಯೆಲ್ಲಾ ಬೆವರಲ್ಲ, ತೇಕಿ ತೇಕಿ ಮೈ ತಣ್ಣಗೆ ಮಾಡ್ಕೊಳ್ಳುತ್ತೆ. ನಾಲಿಗೆ ಕಡುಕೆಂಪಾಗಿ, ಜೊಲ್ಲು ಗಟ್ಟಿಯಾಗಿ, ಹೆಜ್ಜೆ ತಪ್ಪಿದ್ರೆ ಅದು ಬಿಸಿಲು ಬಡಿದ ಲಕ್ಷಣ. ನೆರಳಿಗೆ ತಂದು ಹೊಟ್ಟೆ, ಕಾಲು, ಪಾದಕ್ಕೆ ನೀರು ಹಾಕಿ ಗಾಳಿ ಬೀಸಿ, ಸ್ವಲ್ಪ ಸ್ವಲ್ಪ ಕುಡಿಸಿ. ಆಮೇಲೆ ಸೀದಾ ಪಶು ಆಸ್ಪತ್ರೆಗೆ. ಪಗ್ ತರದ ಚಪ್ಪಟೆ ಮೂತಿಯ ನಾಯಿಗಳಿಗೆ ಗುಡ್ಡವೇ ಬೇಡ.

ಏನಾದ್ರೂ ಆದ್ರೆ?

ನಾಯಿ ಕಚ್ಚಿದ್ರೆ: ಗುಡ್ಡದ ದಾರೀಲಿ ಬೇರೆ ನಾಯಿಗಳು ನಮ್ಮ ನಾಯಿ ಮೇಲೆ ಬೀಳೋದು ಸಾಮಾನ್ಯ. ಜಗಳದ ನಡುವೆ ಮಗು ಬರದ ಹಾಗೆ ಎತ್ಕೊಳ್ಳಿ. ಮಗುವಿಗೋ ನಿಮಗೋ ಹಲ್ಲು ತಾಗಿದ್ರೆ ಸೋಪು ಹಾಕಿ ಹರಿಯೋ ನೀರಲ್ಲಿ 15 ನಿಮಿಷ ತೊಳೀರಿ. ಅರಿಶಿನ, ಸುಣ್ಣ, ಮೆಣಸಿನಪುಡಿ ಏನೂ ಹಚ್ಚಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ. ಡಾಕ್ಟ್ರು ಬರೆದುಕೊಟ್ಟ ತಾರೀಖುಗಳಲ್ಲಿ ಒಂದೂ ತಪ್ಪಿಸದೆ ಎಲ್ಲಾ ಇಂಜೆಕ್ಷನ್ ಹಾಕಿಸಿ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯೋದು ಇಲ್ಲ ಅನ್ನೋಷ್ಟು ಕಮ್ಮಿ. "ಸಣ್ಣ ಗೀರು ಅಷ್ಟೇ" ಅಂತ ಸುಮ್ಮನಾಗಬೇಡಿ. ನಿಮ್ಮ ನಾಯಿಗೆ ಮೂರು ತಿಂಗಳು ತುಂಬಿದ ಮೇಲೆ ಮೊದಲ ರೇಬಿಸ್ ಲಸಿಕೆ, ಆಮೇಲೆ ಡಾಕ್ಟ್ರು ಹೇಳಿದ ಹಾಗೆ ವರ್ಷ ವರ್ಷ ಹಾಕಿಸಿ. ಲಸಿಕೆ ಆಗದ ನಾಯಿಯನ್ನ ಮಗು ಜೊತೆ ಗುಡ್ಡಕ್ಕೆ ಕರ್ಕೊಂಡು ಹೋಗಲೇಬೇಡಿ.

ಹಾವು ಕಚ್ಚಿದ್ರೆ: ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಬಾಯಿ ಹಾಕಿ ಹೀರಬೇಡಿ, ಮಂತ್ರ ಹಾಕಿಸೋಕೆ ಅಲೆಯಬೇಡಿ. ಮಗುವನ್ನ ನಡೆಸದೆ, ಕಚ್ಚಿದ ಕೈಕಾಲು ಅಲ್ಲಾಡದ ಹಾಗೆ ಎತ್ಕೊಂಡು ತಾಲ್ಲೂಕು ಆಸ್ಪತ್ರೆಗೆ ಓಡಿ. ಹಾವು ಹಿಡಿಯೋಕೆ, ಹೊಡೆಯೋಕೆ ಹೋಗಿ ಹೊತ್ತು ಕಳೀಬೇಡಿ. ನಾಗರ, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ, ಈ ನಾಲ್ಕಕ್ಕೂ ಒಂದೇ ಔಷಧಿ ಕೆಲಸ ಮಾಡುತ್ತೆ.

ಚಿರತೆ ಕಂಡ್ರೆ: ಓಡಬೇಡಿ, ಬಗ್ಗಬೇಡಿ. ಮಗುವನ್ನ ಎತ್ಕೊಳ್ಳಿ, ನಾಯಿ ಹಗ್ಗ ಗಿಡ್ಡ ಹಿಡಿಯಿರಿ. ಎಲ್ಲರೂ ಒಟ್ಟಿಗೆ ನಿಂತು, ಜೋರಾಗಿ ಮಾತಾಡ್ತಾ, ಬೆನ್ನು ತೋರಿಸದೆ ಹಿಂದೆ ಹಿಂದೆ ಬನ್ನಿ.

ಬರೆದಿಟ್ಟುಕೊಳ್ಳಬೇಕಾದ ನಂಬರ್‌ಗಳು

• ಆಂಬ್ಯುಲೆನ್ಸ್: 108
• ಪೊಲೀಸ್, ತುರ್ತು ಸಹಾಯ: 112
• ಪಶು ಚಿಕಿತ್ಸೆ ಸಹಾಯವಾಣಿ: 1962
• ಅರಣ್ಯ ಸಹಾಯವಾಣಿ: 1926

ಕೊನೆಗೆ

ಈಗ ನಮ್ಮ ಗುಡ್ಡಕ್ಕೆ ಹೊರಟ್ರೆ ಅಕ್ಕ ಮಗಳ ಕೈ ಹಿಡೀತಾಳೆ, ನಾನು ಕರಿಯನ್ನ ಹಿಡೀತೀನಿ, ರಾಣಿ ಮನೇಲಿ ಅಮ್ಮನ ಕಾವಲು. ದೊಣೆಗೆ ಐವತ್ತು ಹೆಜ್ಜೆ ಇರುವಾಗಲೇ ಎಲ್ಲರೂ ಕೂತ್ಕೋತೀವಿ, ಅಲ್ಲಿಂದ ಮುಂದೆ ಹೋಗಲ್ಲ. ಮಂಡಿಯ ಗಾಯ ಮಾಸಿದೆ, ಕಲೆ ಇನ್ನೂ ಇದೆ. ಮೊನ್ನೆ ಅದನ್ನೇ ತೋರಿಸಿ "ಮಾಮ, ಇದು ಕರಿಯ ಮಾಡಿದ್ದಲ್ಲ, ನೀನು ಮಾಡಿದ್ದು" ಅಂದಳು. ಹೌದು ಪುಟ್ಟಿ ಅಂದೆ.

ನಿಮ್ಮ ಮಗುವಿನ ಮಂಡಿ ಮೇಲೆ ಅಂಥ ಕಲೆ ಬೀಳೋದು ಬೇಡ. ಈ ಭಾನುವಾರ ಹೊರಡೋದಿದ್ರೆ ನಾಯಿಯ ಲಸಿಕೆ ಚೀಟಿ ಒಮ್ಮೆ ನೋಡಿ, ಎರಡು ಬಾಟಲಿ ನೀರು ಹೆಚ್ಚಿಗೆ ಇಟ್ಕೊಳ್ಳಿ, ಹಗ್ಗ ನಿಮ್ಮ ಕೈಯಲ್ಲೇ ಇರಲಿ. ಹತ್ತು ಗಂಟೆಗೆ ಅಂಗಡಿ ಬಾಗಿಲು ತೆಗೆಯೋಕೆ ಆರಾಮಾಗಿ ಬರಬಹುದು.